ತವರ ಕಡೆಯ ಚುಕ್ಕಿ

ಇವತ್ತು ಐದು ದಿನದ ಮೇಲೆ ನಳಕ್ಕೆ ನೀರು ಬಂತು. ಎರಡು ಬ್ಯಾರಲ್ಲು, ಹಂಡೆ, ಕುಡಿಯುವ ಕೊಡ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಮನೆಯವರ ಮಗ್ಗಕ್ಕೆ ಬೇಕಾಗಿದ್ದ ಒಂದು ಸೀರೆ ದಡಿಯ ನಕ್ಷೆ ತಿದ್ದಿ, ರಟ್ಟಿಗೆ ತೂತು ಹೊಡೆಯುವವರಿಗೆ ಮುಟ್ಟಿಸಿದೆ. ಮಧ್ಯಾಹ್ನ ಜಮಖಂಡಿಯಿಂದ ಫೋನು ಬಂತು, ಮಾತಾಡಿದೆ. ಆಮೇಲೆ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಅದರಲ್ಲಿ ಬರೆದ ಕೊನೆಯ ಹಾಳೆಯ ಮೇಲಿನ ನಾಲ್ಕು ಚುಕ್ಕಿಗಳನ್ನು ಬ್ಲೇಡಿನಿಂದ ಕೆರೆದು ತೆಗೆದೆ.

ಫೋನು ಮಾಡಿದವಳು ಹಚ್ಚಿ ಆಯಿಯ ಮಗಳು.

"ಅವ್ವ ಹೋದಳ್ರಿ ಅಕ್ಕಾರ," ಅಂದಳು. "ಮೊನ್ನಿ ಮುಂಜಾನೆ. ಮಣ್ಣೂ ಆತು. ನಿಮ್ಮ ನಂಬರ ಹುಡಕಿ ಹುಡಕಿ ಸಾಕಾತ್ರಿ. ಇವತ್ತ ನೋಡತೇನಿ, ನಂಬರಿನ ಚೀಟಿ ಸೂಜಿ ಡಬ್ಬ್ಯಾಗ ಮಡಚಿ ಇಟ್ಟಾಳ."

ಹಚ್ಚೆ ಹಾಕುವ ಅಜ್ಜಿ, ಅದಕ್ಕೆ ಹಚ್ಚಿ ಆಯಿ. ಆಕೆಗೊಂದು ಹೆಸರಿತ್ತು, ನನಗೂ ಗೊತ್ತಿತ್ತು. ಆದರೆ ಬನಹಟ್ಟಿಯಲ್ಲಾಗಲಿ ಜಮಖಂಡಿಯಲ್ಲಾಗಲಿ ಯಾರೂ ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಕೂಗಿಸಿಕೊಳ್ಳದ ಹೆಸರನ್ನು ಇಲ್ಲಿ ಬರೆದು ಏನು ಮಾಡುವುದು, ಬೇಡ.

ಆಕೆಯನ್ನು ಮೊದಲು ನೋಡಿದ್ದು ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ. ಆಗ ನಮ್ಮಲ್ಲಿ ಇನ್ನೂ ಎರಡು ಕೈಮಗ್ಗ ಇದ್ದವು. ಹೆಗಲಿಗೆ ಒಂದು ಜೋಳಿಗೆ ಹಾಕಿಕೊಂಡು, ಕಪ್ಪು ಚುಕ್ಕಿಗಳು ತುಂಬಿದ ಸೆರಗಿನ ಎತ್ತರದ ಹೆಂಗಸು ಬಾಗಿಲಲ್ಲಿ ನಿಂತು, "ಒಂದೆಳಿ ಕೊಡ ಯವ್ವಾ," ಅಂದಳು. ಅತ್ತೆ ಎದ್ದು ಮಗ್ಗದಿಂದ ಒಂದು ಮೊಳ ಎಳೆ ಕತ್ತರಿಸಿ ಕೊಟ್ಟರು. ಅದು ಸೂಜಿ ಕಟ್ಟುವುದಕ್ಕೆ. ಮೂರು ಸೂಜಿ ಜೋಡಿಸಿ ಬಿಗಿಯಾಗಿ ಸುತ್ತಬೇಕು. ಅಂಗಡಿಯ ದಾರ ಆಗುವುದಿಲ್ಲ, ಅದು ಕಾಡಿಗೆಯನ್ನೆಲ್ಲ ತಾನೇ ಕುಡಿಯುತ್ತದೆ ಎನ್ನುತ್ತಿದ್ದಳು. ಸೆರಗಿನ ಚುಕ್ಕಿಗಳು ಅಚ್ಚಿನವಲ್ಲ ಎಂದು ಹತ್ತಿರ ಬಂದಾಗ ತಿಳಿಯಿತು. ಪ್ರತಿ ಸಲ ಸೂಜಿಯ ಮೊನೆಯನ್ನು ಸೆರಗಿಗೆ ಒರೆಸಿ ಒರೆಸಿ ಆದದ್ದು.

ಪಡಸಾಲೆಯಲ್ಲಿ ಕೂತು ನನ್ನ ಎಡಗೈ ಎಳೆದುಕೊಂಡಳು. ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದಳು. ಮುಖ ನೋಡಲಿಲ್ಲ. ಆಕೆ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ.

"ತವರು ಯಾವುದವಾ?"

"ಅನಗವಾಡಿ ಹಂತೇಲಿ ಒಂದು ಹಳ್ಳಿರಿ. ಬೀಳಗಿ ತಾಲೂಕು."

"ಹೊಳಿದಂಡಿ?"

"ಹೂಂನ್ರಿ."

"ಮೂಡಣಕ್ಕ ಆತು," ಎಂದು ತನಗೇ ಹೇಳಿಕೊಂಡಳು. ಜೋಳಿಗೆಯಿಂದ ಗರಗದ ಸೊಪ್ಪು ತೆಗೆದಳು. ಹಣತೆಯ ಕಾಡಿಗೆಯನ್ನು ಆ ಸೊಪ್ಪಿನ ರಸದಲ್ಲಿ ಅರೆದು ಬಣ್ಣ ಮಾಡುತ್ತಿದ್ದಳು.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಹತ್ತನೆತ್ತೆ ಪಾಸಾದವಳು ನಾನು. ನಮಗೆ ಸಾಲಿಯಲ್ಲಿ ಕಲಿಸಿದ ಬಾಯಿಯವರ ಕೈಮೇಲೆ ಹಚ್ಚೆ ಇರಲಿಲ್ಲ. "ನಂಗ ಬ್ಯಾಡ್ರಿ," ಅಂದೆ. ಅತ್ತೆ ಒತ್ತಾಯ ಮಾಡಲಿಲ್ಲ. ಆಯಿಯೂ ಮಾಡಲಿಲ್ಲ. ಎರವಲು ತಂದ ಪಾತ್ರೆಯನ್ನು ತೊಳೆದು ತಿರುಗಿ ಕೊಡುವಂತೆ ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟಳು.

"ಇರಲಿ. ಕಲ್ತಾಕಿ ಕೈ. ಹಾಳಿ ಮ್ಯಾಲ ಬರಕೋತಾಳ," ಅಂದಳು ಅತ್ತೆಗೆ. ಅದು ಹೊಗಳಿಕೆಯೋ ಕುಟುಕೋ ನನಗೆ ಆಗ ತಿಳಿಯಲಿಲ್ಲ.

ಹಚ್ಚೆ ಹಾಕುವವರು ಹಾಡು ಹೇಳಿ ನೋವು ಮರೆಸುತ್ತಾರೆ ಅನ್ನುತ್ತಾರೆ. ಈಕೆಗೆ ಹಾಡು ಬರುತ್ತಿರಲಿಲ್ಲ. ದನಿ ಒಡೆದ ಹಲಗೆಯಂತಿತ್ತು. ಅದರ ಬದಲು ಕೇಳುತ್ತ ಹೋಗುತ್ತಿದ್ದಳು: ತವರು ಯಾವುದು, ಬಸ್ಸು ಎಲ್ಲಿ ಇಳಿಯುತ್ತಿ, ದಾರಿಯಲ್ಲಿ ಹಳ್ಳ ಬರುತ್ತದೋ ಗುಡ್ಡವೋ, ಹೊತ್ತು ಮುಳುಗುವಾಗ ಬಿಸಿಲು ನಿಮ್ಮ ಮನೆಯ ಯಾವ ಗೋಡೆಗೆ ಬೀಳುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ತವರಿನ ಮಾತು ಹೇಳುತ್ತ ಹೇಳುತ್ತ ಅಳುತ್ತಿದ್ದರು, ಸೂಜಿಗೆ ಅಳುತ್ತಿದ್ದಾರೆ ಎಂದು ನಾವು ತಿಳಿಯುತ್ತಿದ್ದೆವು. ನೋವು ಮರೆಸಲಿಕ್ಕೆ ಮಾತಾಡಿಸುತ್ತಾಳೆ ಎಂದೇ ಈ ಓಣಿಯ ಎಲ್ಲರ ಲೆಕ್ಕ. ನನ್ನದೂ ಅದೇ.

ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಸಂಗಡ ನಿಲ್ಲುವುದು ಕಷ್ಟ. ಪರಿಚಯದ ಹೆಂಗಸು ಕಂಡರೆ ಮಾತಾಡಿಸುವ ಮೊದಲು ಕೈ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಪರಿಚಯವಿಲ್ಲದವರ ಕೈಯನ್ನೂ ಬಿಡುತ್ತಿರಲಿಲ್ಲ. ಒಮ್ಮೆ ತೇರದಾಳದ ಬಸ್ಸಿನಲ್ಲಿ ಕಂಡಕ್ಟರ ಹುಡುಗ ಟಿಕೀಟು ಕೊಡಲು ಕೈ ಚಾಚಿದಾಗ ಅವನ ಮುಂಗೈಯನ್ನೇ ಹಿಡಿದುಕೊಂಡಳಂತೆ. ಅದರ ಮೇಲೆ ಯಂತ್ರದಿಂದ ಹಾಕಿಸಿದ ಹದ್ದು.

"ಛಲೋ ಹಾಕ್ಯಾನ ತಮ್ಮಾ. ಗೆರಿ ನಡುಗಿಲ್ಲ. ಹಾಕೂ ಮುಂದ ಏನೇನ ಕೇಳಿದಾ?"

"ಏನ ಕೇಳತಾನಬೇ ಆಯಿ, ರೊಕ್ಕಾ ಕೇಳಿದಾ," ಅಂದ ಹುಡುಗ. ಬಸ್ಸೆಲ್ಲ ನಕ್ಕಿತು. ಆಯಿ ಮಾತ್ರ ನಗಲಿಲ್ಲವಂತೆ. ಇಡೀ ದಾರಿ ಆ ಹದ್ದು ಎಲ್ಲಿಗೆ ಹಾರುತ್ತಿದೆ ಎಂದು ಯೋಚಿಸುತ್ತ ಬಂದೆ ಎಂದು ನನಗೆ ಹೇಳಿದಳು.

ಆಕೆಯ ಇನ್ನೊಂದು ಮಾತು ನಮ್ಮ ಅತ್ತೆಯ ಬಾಯಲ್ಲಿ ಈಗಲೂ ಇದೆ. "ಬಂಗಾರ ಕಳ್ಳ ಒಯ್ತಾನ, ಸೀರಿ ನಾದಿನಿ ಒಯ್ತಾಳ. ಹಚ್ಚಿಗೆ ಇಬ್ಬರದೂ ಅಂಜಿಕಿಲ್ಲ."

ಕೈಮಗ್ಗ ಹೋಗಿ ಪವರ್‌ಲೂಮು ಬಂದವು. ಮಗ್ಗದ ಸಪ್ಪಳದಲ್ಲಿ ಬಾಗಿಲಲ್ಲಿ ನಿಂತು ಎಳೆ ಕೇಳುವವರ ದನಿ ಕೇಳದಾಯಿತು. ಹಚ್ಚೆ ಹಾಕಿಸಿಕೊಳ್ಳುವವರೂ ಇರಲಿಲ್ಲ. ಆಯಿ ಯಾವ ವರ್ಷ ಬರುವುದನ್ನು ಬಿಟ್ಟಳೋ ನಾನು ಗಮನಿಸಲೂ ಇಲ್ಲ. ಅದೇ ಸುಮಾರಿಗೆ ನನ್ನ ತವರೂ ಹೋಯಿತು. ಅಣೆಕಟ್ಟಿನ ಹಿನ್ನೀರು ಬಂದು, ಊರು ಎದ್ದು, ಗುಡ್ಡದ ಮೇಲೆ ಸಾಲು ಸಾಲು ಮನೆಗಳಾದವು. ಅಣ್ಣಂದಿರು ಬೇರೆ ಬೇರೆ ಊರು ಹಿಡಿದರು. ನಾನು ಸೀರೆ ದಡಿಯ ನಕ್ಷೆ ಬರೆಯುವುದನ್ನು ಕಲಿತೆ. ಚೌಕುಳಿ ಹಾಳೆ, ಒಂದು ಚೌಕ ಎಂದರೆ ಒಂದು ಮನೆ, ಒಂದು ಮನೆಗೆ ಒಂದು ಎಳೆ. ತುಂಬಿದ ಮನೆ ಎಂದರೆ ರಟ್ಟಿನಲ್ಲಿ ತೂತು ಬಿದ್ದು ಎಳೆ ಮೇಲೆ ಏಳುತ್ತದೆ, ಖಾಲಿ ಮನೆ ಎಂದರೆ ಕೆಳಗಿರುತ್ತದೆ. ನಡುವೆ ಒಂದು ಮನೆ ತಪ್ಪಿದರೂ ಆ ತಪ್ಪು ಸೀರೆಯ ಉದ್ದಕ್ಕೂ ಗೇಣಿಗೊಂದರಂತೆ ಬರುತ್ತದೆ. ತಪ್ಪಿದ ಮನೆ ಕಂಡರೆ ಕೈ ತಾನೇ ಹೋಗಿ ತುಂಬುತ್ತದೆ, ಅಷ್ಟು ರೂಢಿ.

ಐದು ವರ್ಷದ ಹಿಂದೆ ಅತ್ತೆಗೆ ಜ್ವರ ಬಂದು ದವಾಖಾನೆಗೆ ಹಾಕಿದ್ದೆವು. ಸಲೈನು ಹಚ್ಚಲು ಬಂದ ನರ್ಸು ಹುಡುಗಿಗೆ ಹಚ್ಚೆಯ ಕೆಳಗೆ ನರ ಸಿಗಲಿಲ್ಲ.

"ಅಜ್ಜಿ, ಇದರ ಮ್ಯಾಲೇ ಚುಚ್ಚಲೇನ್ರಿ?"

"ಚುಚ್ಚವಾ. ಇದನ್ನ ಹಾಕಿದಾಕಿ ಎಷ್ಟ ಚುಚ್ಚ್ಯಾಳ, ನಿಂದೊಂದ ಹೆಚ್ಚಾಕ್ಕೈತೇನು," ಅಂದರು ಅತ್ತೆ.

ಅವತ್ತು ರಾತ್ರಿ ಪಕ್ಕದಲ್ಲಿ ಕೂತು ಆ ಕೈಯನ್ನು ನೋಡಿದೆ. ಮೂವತ್ತು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ನಡುವೆ ತುಳಸಿ ಕಟ್ಟೆ, ಸುತ್ತ ಚುಕ್ಕಿಗಳ ಚೌಕ. ಅದಕ್ಕೆ ಅಂಗಳ ಅನ್ನುತ್ತಾರೆ. ಚರ್ಮ ಸಡಿಲಾಗಿ ಕಟ್ಟೆ ಒಂದು ಕಡೆ ವಾಲಿತ್ತು. ಈ ಓಣಿಯಲ್ಲಿ ಇಂಥ ಅಂಗಳಗಳು ಇನ್ನೆಷ್ಟು ಉಳಿದಿವೆ, ಇವರೆಲ್ಲ ಹೋದ ಮೇಲೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಅತ್ತೆ ಮನೆಗೆ ಬಂದ ವಾರವೇ ಕೆಲಸ ಸುರು ಮಾಡಿದೆ.

ನನ್ನ ರೀತಿ ಹೀಗೆ. ಸೀರೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಕೈಯ ಮೇಲೆ ಹರಡಿ, ಪೆನ್ನಿನಿಂದ ಚುಕ್ಕಿಗೆ ಚುಕ್ಕಿ ಇಟ್ಟುಕೊಳ್ಳುವುದು. ಮನೆಗೆ ಬಂದು ಅದನ್ನು ಚೌಕುಳಿ ಹಾಳೆಗೆ ಇಳಿಸುವುದು. ಕೆಳಗೆ ಆ ಹೆಂಗಸಿನ ಹೆಸರು, ಮನೆ, ಓಣಿ ಬರೆಯುವುದು. ಆಮೇಲೆ ಪ್ಲಾಸ್ಟಿಕನ್ನು ಒದ್ದೆ ಅರಿವೆಯಿಂದ ಒರೆಸಿ ಮುಂದಿನ ಕೈಗೆ ಇಟ್ಟುಕೊಳ್ಳುವುದು. ಬನಹಟ್ಟಿ, ರಬಕವಿ, ತೇರದಾಳ, ಜಮಖಂಡಿಯ ಬೀಗರ ಮನೆ, ಮುಧೋಳದ ಒಂದು ಮದುವೆ. ಹೋದಲ್ಲೆಲ್ಲ ಪ್ಲಾಸ್ಟಿಕ್ ಚೀಲ ನನ್ನ ಪರ್ಸಿನಲ್ಲಿ. ಮೂರು ವರ್ಷದಲ್ಲಿ ನಲವತ್ತು ಕೈಗಳಾದವು. ಎಲ್ಲವೂ ಅಂಗಳವೇ, ನಡುವಿನದು ಮಾತ್ರ ಬೇರೆ ಬೇರೆ, ಒಬ್ಬರಿಗೆ ತುಳಸಿ, ಒಬ್ಬರಿಗೆ ತೊಟ್ಟಿಲು, ಒಬ್ಬರಿಗೆ ಚೇಳು. ಎಲ್ಲವನ್ನೂ ಹಾಕಿದವಳು ಒಬ್ಬಳೇ.

ಪ್ರತಿ ಕೈಯಲ್ಲೂ ಸುತ್ತಿನ ಚೌಕದಲ್ಲಿ ಒಂದು ಚುಕ್ಕಿ ಇರುತ್ತಿರಲಿಲ್ಲ. ಒಬ್ಬರಿಗೆ ಮೊಣಕೈ ಕಡೆ, ಒಬ್ಬರಿಗೆ ಬೆರಳಿನ ಕಡೆ, ಒಬ್ಬರಿಗೆ ಬಲಕ್ಕೆ. ನನಗೆ ಕಾಣಿಸಲಿಲ್ಲ ಎಂದಲ್ಲ. ಕಾಣಿಸಿತು. ವಯಸ್ಸಾದ ಚರ್ಮ, ಒಂದು ಚುಕ್ಕಿ ಮಾಸಿದೆ ಎಂದುಕೊಂಡೆ. ಇಲ್ಲವೇ ಆಯಿಯ ಕೈ ತಪ್ಪಿದೆ. ಮನೆಯವರನ್ನು ಕೇಳಿದ್ದಕ್ಕೆ, "ಎಳಿ ಬಿಟ್ಟ ಸೀರಿ ಯಾರ ತಗೋತಾರ, ತುಂಬ ಅದನ್ನ," ಅಂದರು. ತುಂಬಿದೆ. ನಲವತ್ತು ಹಾಳೆಯಲ್ಲೂ ಏಳೇಳು ಚುಕ್ಕಿಗಳ ನಾಲ್ಕು ಸಾಲು, ತಪ್ಪಿಲ್ಲದ ಚೌಕ. ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು.

ಆಮೇಲೆ ಹಾಕಿದವಳನ್ನೇ ಹುಡುಕಿದೆ. ಜಮಖಂಡಿಯಲ್ಲಿ ಬಳೆ ಮಾರುವ ಮಗಳ ಮನೆಯಲ್ಲಿದ್ದಳು. ಹೊರಸಿನ ಮೇಲೆ ಕೂತಿದ್ದಳು. ಒಂದು ಕಣ್ಣು ಆಪರೇಶನ್ನಾಗಿತ್ತು, ಇನ್ನೊಂದಕ್ಕೆ ಪೊರೆ. ನನ್ನ ಕೈ ಹಿಡಿದು, ತಿರುಗಿಸಿ, ಮಣಿಕಟ್ಟಿನಿಂದ ಮೊಣಕೈವರೆಗೆ ಹೆಬ್ಬೆರಳು ಆಡಿಸಿದಳು.

"ಖಾಲಿ ಕೈ. ಅನಗವಾಡಿ ಕಡಿಯಾಕಿ. ಬ್ಯಾಡ ಅಂದಾಕಿ."

ಮೂವತ್ತು ವರ್ಷದ ಮೇಲಾಗಿತ್ತು. ಅವತ್ತು ಆಕೆಯ ಕೈಯನ್ನೂ ಪ್ಲಾಸ್ಟಿಕಿಗೆ ಇಳಿಸಿಕೊಂಡು ಬಂದೆ. ಅವಳ ಅಂಗಳದಲ್ಲಿ ನಾಲ್ಕು ಚುಕ್ಕಿ ಇರಲಿಲ್ಲ. ಪಾಪ, ಎಲ್ಲರಿಗಿಂತ ಹಿರಿಯಳು, ನಾಲ್ಕು ಮಾಸಿವೆ ಎಂದುಕೊಂಡು ನಾಲ್ಕನ್ನೂ ತುಂಬಿದೆ. ನಲವತ್ತೊಂದನೆಯ ಹಾಳೆ ಅದು. ಪುಸ್ತಕ ಹೊಲಿಸಿ, ರಟ್ಟು ಹಾಕಿಸಿ, ಹದಿನೈದು ದಿನದ ಮೇಲೆ ತೋರಿಸಲು ಹೋದೆ. ಒಂದು ಡಬ್ಬಿ ಶೇಂಗಾ ಹೋಳಿಗೆಯನ್ನೂ ಒಯ್ದಿದ್ದೆ.

ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು. ಮೂರು ಹಾಳೆ ತಿರುವಿದಳು. ಮತ್ತೆ ಮೊದಲಿನ ಹಾಳೆಗೇ ಬಂದಳು.

"ಇದು ನಿಮ್ಮತ್ತಿದು, ಹೌದಲ್ಲ?"

"ಹೂಂ ಆಯಿ."

"ತೇರದಾಳದಾಕಿ."

"ಹೂಂ."

"ಮತ್ತ ಬಾಗಲಾ ಯಾಕ ಮುಚ್ಚಿಯವಾ?"

ಯಾವ ಬಾಗಿಲು ಎಂದೆ. ಆಕೆ ಹೊರಸಿನ ಮೇಲೆ ಸರಿದು ಮೂಡಣ ದಿಕ್ಕಿಗೆ ಮುಖ ಮಾಡಿ ಕೂತಳು. ನನ್ನನ್ನೂ ಹಾಗೇ ಕೂಡಿಸಿದಳು. ನನ್ನ ಎಡಗೈಯನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಿಸಿದಳು. ಹಚ್ಚೆ ಹಾಕುವಾಗ ಎಲ್ಲರನ್ನೂ ಹೀಗೆಯೇ ಕೂಡಿಸುತ್ತಿದ್ದೆ ಅಂದಳು. ಆಗ ಬೆರಳ ತುದಿ ಮೂಡಣ, ಮೊಣಕೈ ಪಡುವಣ, ಬಲಗಡೆ ತೆಂಕಣ, ಎಡಗಡೆ ಬಡಗಣ. ಹಾಕಿಸಿಕೊಳ್ಳುವವಳ ತವರು ಯಾವ ದಿಕ್ಕಿಗಿದೆಯೋ ಆ ಕಡೆಯ ಸಾಲಿನಲ್ಲಿ ನಡುವಿನ ಚುಕ್ಕಿ ಬಿಡಬೇಕು. ಅದು ಬಾಗಿಲು. ಗಂಡನ ಮನೆಯ ಅಂಗಳದಿಂದ ತವರಿಗೆ ಹೋಗುವ ದಾರಿ. ಆಕೆಯ ಅವ್ವ ಹಾಗೆ ಕಲಿಸಿದ್ದು. ಬೇರೆ ಹಚ್ಚೆಯವರು ಬಿಡುತ್ತಾರೋ ಇಲ್ಲವೋ ಆಕೆಗೆ ಗೊತ್ತಿಲ್ಲ.

"ಹಾಕಿಸ್ಕೊಂಡವರಿಗೆ ಹೇಳತಿದ್ದಿಲ್ಲೇನ ಆಯಿ?"

"ಹೇಳಿದರ ಅತ್ತ್ಯಾರ ಬಿಡತಿದ್ದರೇನು? ಸೊಸಿ ಕೈಮ್ಯಾಲ ತವರ ದಾರಿ ಬರದ ಹೋದಳು ಅಂತ ನನ್ನ ಓಣಿಯಿಂದ ಹೊರಗ ಹಾಕತಿದ್ದರು." ನಕ್ಕಳು. ನಗು ನಿಂತ ಮೇಲೆ ಪುಸ್ತಕದ ಮೇಲೆ ಕೈಯಿಟ್ಟಳು. "ನೀ ಎಲ್ಲಾರನ್ನೂ ಒಳಗ ಹಾಕಿ ಕೀಲಿ ಜಡದೀಯಲ್ಲವಾ."

ನಾನು ಹೋಳಿಗೆ ಡಬ್ಬಿಯನ್ನು ತೆಗೆಯದೇ ತಿರುಗಿ ಹೊರಟಿದ್ದೆ. ಮಗಳು ನೆನಪಿಸಿ ಇಸಿದುಕೊಂಡಳು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನಲವತ್ತರಲ್ಲಿ ಬದುಕಿರುವವರ ಕೈಯನ್ನು ಮತ್ತೆ ನೋಡಬಹುದು. ಹದಿನಾರು ಜನ ಆಗಲೇ ಇರಲಿಲ್ಲ. ಅವರ ಕೈಗಳು ಮಣ್ಣಿಗೆ ಹೋಗಿದ್ದವು, ಪ್ಲಾಸ್ಟಿಕನ್ನು ನಾನೇ ಒರೆಸಿದ್ದೆ. ಉಳಿದದ್ದು ನನ್ನ ಹಾಳೆ ಒಂದೇ. ಅದರಲ್ಲಿ ತಪ್ಪಿಲ್ಲದ ಚೌಕ. ಅವರು ಎಲ್ಲಿಂದ ಬಂದವರು ಎಂಬುದನ್ನು ಅಳಿಸಿದವಳು ನಾನು. ಅದು ಹಾಗೇ ಉಳಿದರೆ ಪುಸ್ತಕ ಇಲ್ಲದಿರುವುದೇ ಮೇಲು ಅನ್ನಿಸಿತು. ಆಯಿ ಇರುವುದರೊಳಗೆ ಆಗಬೇಕು. ಇಲ್ಲದಿದ್ದರೆ ಆಗುವುದೇ ಇಲ್ಲ.

ಮಗ್ಗಗಳಿಗೆ ವಾರದ ರಜೆಯ ದಿನ ಮನೆಯವರಿಗೆ ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು ನಾನು ಜಮಖಂಡಿಗೆ ಹೋಗತೊಡಗಿದೆ. ಹಾಳೆಯ ಮೇಲೆ ಬಿದ್ದ ಬಣ್ಣದ ಪೆನ್ನಿನ ಚುಕ್ಕಿಯನ್ನು ತೆಗೆಯಲು ನಮ್ಮಲ್ಲಿ ಬ್ಲೇಡಿನಿಂದ ಮೆಲ್ಲಗೆ ಕೆರೆಯುತ್ತೇವೆ. ಆಯಿ ನೆನಪು ಮಾಡಿ ಹೇಳುವುದು, ನಾನು ಕೆರೆಯುವುದು. ಹೆಸರು ಹೇಳಿದರೆ ಆಕೆಗೆ ಯಾರೂ ನೆನಪಾಗುತ್ತಿರಲಿಲ್ಲ. ನಡುವೆ ಏನಿದೆ ಎಂದು ಹೇಳಬೇಕು, ಕೈ ದಪ್ಪವೋ ಸಣ್ಣದೋ ಹೇಳಬೇಕು.

"ತೊಟ್ಟಿಲು ಐತಿ ಆಯಿ. ರಬಕವಿಯಾಕಿ. ಮಣಿಕಟ್ಟಿನ ಮ್ಯಾಲ ಸುಟ್ಟ ಕಲೆ ಇತ್ತು."

"ಹಾಂ. ಮುಧೋಳದಾಕಿ. ಚುಚ್ಚೂ ಮುಂದ ಅಳಲಿಲ್ಲ, ಪುಟ್ಟ ಮುಖ ಬಿಗಿ ಹಿಡಕೊಂಡ ಕುಂತಳು. ಎಲ್ಲಾ ಮುಗದು ಅರಿಷಿಣ ಹಚ್ಚೂ ಮುಂದ ಅಳಾಕ ಸುರು ಮಾಡಿದಳು. ಯಾಕಬೇ ಅಂದರ, ನಮ್ಮವ್ವ ಅರಿಷಿಣ ಹಿಂಗ ಹಚ್ಚತಿದ್ದಳು ಅಂದಳು. ತೆಂಕಣಕ್ಕ ತೆಗಿ."

ಬಲಗಡೆಯ ಚುಕ್ಕಿ ಕೆರೆದೆ.

"ಚೇಳು. ಬನಹಟ್ಟಿ. ಬಾಳ ಮಾತಿನಾಕಿ."

"ಹೊಳಿ ಆಚಿಯಾಕಿ. ತವರು ಕೇಳಿದ್ದಕ್ಕ ತಾಸಗಟ್ಟಲೆ ಹೇಳಿದಳು, ದನಗೋಳ ಹೆಸರು ಸುದ್ಧಾ. ಬಡಗಣಕ್ಕ."

ಹೀಗೆ ಹನ್ನೊಂದು ಜನರ ಬಾಗಿಲು ಸಿಕ್ಕವು. ಉಳಿದ ಐವರು ಆಕೆಗೆ ನೆನಪಾಗಲಿಲ್ಲ. "ಅವತ್ತ ಏನೋ ಅವಸರ ಇದ್ದಿರಬೇಕು, ಸರಿ ಕೇಳಿಲ್ಲ," ಎಂದು ತನ್ನನ್ನೇ ಬೈದುಕೊಂಡಳು. ಆ ಐವರ ಮನೆಗಳಿಗೆ ನಾನು ಹೋದೆ. ಮೂರು ಮನೆಯಲ್ಲಿ ಗೊತ್ತಿತ್ತು. ನಾಲ್ಕನೆಯ ಮನೆಯಲ್ಲಿ ಅರವತ್ತರ ಮಗ, ನೂಲಿನ ವ್ಯಾಪಾರಸ್ಥರು, ನನಗೆ ಚಹಾ ತರಿಸಿ, ಎದುರಿನ ಕುರ್ಚಿಯಲ್ಲಿ ಕೂತರು.

"ಅವ್ವನ ತವರು ಅಂದರ... ನಾವ ಸಣ್ಣವರಿದ್ದಾಗ ಹೋಗತಿದ್ದಿವ್ರಿ. ಚಕ್ಕಡ್ಯಾಗ. ನಿದ್ದಿ ಹತ್ತತಿತ್ತು. ಎದ್ದರ ಊರು ಬಂದಿರತಿತ್ತು." ಫೋನು ಹಚ್ಚಿ ತಮ್ಮನನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. "ಒಂದ ಬಾವಿ ಇತ್ತು ನೋಡ್ರಿ, ದೊಡ್ಡದು," ಅಂದರು, ನಾನು ಮೆಟ್ಟಿಲು ಇಳಿಯುವಾಗ.

ಐದನೆಯ ಮನೆಯವರು ಊರು ಬಿಟ್ಟಿದ್ದರು. ಆ ಎರಡು ಹಾಳೆಗಳನ್ನು ಏನು ಮಾಡಲಿ ಎಂದು ಆಯಿಯನ್ನು ಕೇಳಿದೆ. ನಮ್ಮಲ್ಲಿ ಹೆಣ್ಣು ತರುವುದು ಜಮಖಂಡಿ ಕಡೆಯಿಂದಲೇ ಜಾಸ್ತಿ, ಮೂಡಣಕ್ಕೆ ಬಿಡಲೇ ಅಂದೆ.

"ಬ್ಯಾಡ," ಅಂದಳು. ಅಷ್ಟು ಗಟ್ಟಿಯಾಗಿ ಆಕೆ ಮಾತಾಡಿದ್ದು ಅದೊಂದೇ ಸಲ. "ಗೊತ್ತಿಲ್ಲ ಅಂತ ಬರಿ. ಇಲ್ಲದ ಬಾಗಲಾ ತೆಗದು ಆ ಮುದುಕಿಯರನ್ನ ಯಾರದೋ ಊರಿಗೆ ಕಳಿಸಬ್ಯಾಡ."

ಹಾಗೇ ಬರೆದೆ: ಗೊತ್ತಿಲ್ಲ.

ಬದುಕಿದ್ದವರ ಹಾಳೆಗಳನ್ನು ಅವರವರ ಕೈ ನೋಡಿ ತಿದ್ದಿದೆ. ಕೊನೆಗೆ ಉಳಿದದ್ದು ಆಕೆಯದೇ ಹಾಳೆ. ಕೈಮೇಲೆ ನಾಲ್ಕು ಚುಕ್ಕಿ ಯಾಕೆ ಇಲ್ಲ ಎಂದು ಕೇಳಿದೆ. ತೋಳು ಮುಂದೆ ಚಾಚಿ ತಾನೇ ನೋಡಿಕೊಂಡಳು. ಅವರದು ಊರೂರು ತಿರುಗುವ ಮಂದಿ, ತಾನು ಹುಟ್ಟಿದ್ದು ದಾರಿಯಲ್ಲಿ, ಯಾವ ಎರಡು ಊರುಗಳ ನಡುವೆಯೋ ಅಂದಳು. ಅವ್ವನೇ ಕೈ ಹಿಡಿದು ಹಚ್ಚೆ ಹಾಕಿದ್ದು.

"ಸುತ್ತಿನ ಚುಕ್ಕಿಗೆ ಬಂದಾಗ ನಮ್ಮವ್ವ ಸೂಜಿ ಹಿಡಕೊಂಡ ಸುಮ್ಮನ ಕುಂತಳು. ಯಾವ ಕಡಿ ಬಿಡಬೇಕು? ನಾ ಹೇಳಿದೆ, ತುಂಬಿಬಿಡ ಯವ್ವಾ, ನಮಗೆಲ್ಲಿ ತವರು ಅಂತ. ಕಪಾಳಕ್ಕ ಒಂದ ಬಿಟ್ಟಳು. ಆಮ್ಯಾಲ ನಾಕೂ ಕಡಿ ಬಿಟ್ಟಳು."

ಬ್ಲೇಡು ತೆಗೆದೆ. ಆಕೆ ತಡೆದಳು.

"ಇನ್ನೂ ಕೈಮ್ಯಾಲ ಐತಿ. ಹಾಳಿಗೆ ಏನ ಅವಸರ? ನಾ ಹೋದ ಮ್ಯಾಲ ತೆಗಿ."

ಅವತ್ತು ಏಳುವ ಮೊದಲು ನಾನೇ ಕೇಳಿದೆ. ಇಷ್ಟು ದಿನ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತು. "ಆಯಿ, ನನಗ ಹಾಕತಿದ್ದರ ಎಲ್ಲಿ ಬಿಡತಿದ್ದಿ? ನಮ್ಮೂರು ನೀರಾಗ ಹೋತು. ಮಂದಿ ಗುಡ್ಡದ ಮ್ಯಾಲ ಹೋದರು. ಅಣ್ಣಗೋಳು ಒಬ್ಬಾಂವ ಒಂದ ದಿಕ್ಕಿಗೆ."

"ನೀರು ಯಾವ ಕಡಿಗೈತಿ?"

"ಮೂಡಣಕ್ಕ."

"ಮತ್ತ? ನೀರ ಬಂದರ ದಿಕ್ಕ ಹೋಕ್ಕೈತೇನು?"

ಸೂಜಿ ಹಿಡಿದು ಎಷ್ಟೋ ವರ್ಷವಾಗಿತ್ತು. ನನ್ನ ನಕ್ಷೆಯ ಪೆನ್ನು ಇಸಿದುಕೊಂಡಳು. ಮೂಡಣಕ್ಕೆ ಮುಖ ಮಾಡಿ ಕೂಡಿಸಿ, ಮೂಗು ನನ್ನ ಮುಂಗೈಗೆ ತಾಗುವಷ್ಟು ಬಗ್ಗಿ ಅಂಗಳ ಹಾಕಿದಳು. ನಡುವೆ ಏನು ಹಾಕಲಿ ಎಂದಳು, ಹೊಳೆ ಅಂದೆ. ಎರಡು ಅಲೆಯ ಗೆರೆ ಎಳೆದಳು. ಚುಕ್ಕಿ ಒಂದು ದೊಡ್ಡದು, ಒಂದು ಸಣ್ಣದು, ಸಾಲೆಲ್ಲ ಸೊಟ್ಟ. ಪ್ರತಿ ಚುಕ್ಕಿ ಆದ ಮೇಲೆ ಪೆನ್ನಿನ ತುದಿಯನ್ನು ಸೆರಗಿಗೆ ಒರೆಸಿದಳು. ಬೆರಳಿನ ಕಡೆಯ ನಡುವಿನ ಜಾಗಕ್ಕೆ ಬಂದಾಗ ಪೆನ್ನು ಎತ್ತಿ ದಾಟಿಸಿ ಆಚೆ ಇಟ್ಟಳು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಕೈ ಚಾಚಿ ಕೂತಿದ್ದೆ. ಮೂರನೆಯ ದಿನಕ್ಕೆ ಪಾತ್ರೆ ತಿಕ್ಕುವ ಸೋಪಿಗೆ ಅದು ಹೋಯಿತು. ಪ್ಲಾಸ್ಟಿಕಿಗೆ ಇಳಿಸಿಕೊಳ್ಳಬೇಕೆಂದು ಹೊಳೆಯಲೇ ಇಲ್ಲ.

ಇವತ್ತು ಫೋನು ಇಟ್ಟ ಮೇಲೆ ಪುಸ್ತಕ ತೆಗೆದು ಆಕೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೂಡಣದ ಚುಕ್ಕಿ ಕೆರೆದೆ, ತೆಂಕಣದ್ದು, ಪಡುವಣದ್ದು. ಬಡಗಣದ್ದಕ್ಕೆ ಬರುವಾಗ ಕಣ್ಣು ಮಂಜಾಗಿ ಬ್ಲೇಡು ಒತ್ತಿತು, ಹಾಳೆ ತೂತಾಯಿತು. ಸಾಸಿವೆಯಷ್ಟು ತೂತು. ಹಿಂದಿನಿಂದ ಅಂಟಿಸೋಣ ಎಂದು ಗೋಂದಿನ ಡಬ್ಬಿಯವರೆಗೆ ಹೋಗಿ ತಿರುಗಿ ಬಂದೆ.

ಸಂಜೆ ಅತ್ತೆಗೆ ತೋರಿಸಿದೆ. ಚಷ್ಮಾ ಹಾಕಿಕೊಂಡು ನೋಡಿದರು.

"ಎಲ್ಲಾ ಕಡಿ ತಗದೈತಿ. ಇಕಿ ಅಂಗಳದಾಗ ಗಾಳಿ ಬಾಳ ಆಕ್ಕೈತಿ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಕೈ ಹಿಡದಾಗ ಕೇಳಿದ್ದಳು, ತೇರದಾಳದಾಗ ನಿಮ್ಮ ಮನಿ ಮುಂದ ಏನೈತಿ ಅಂತ. ಹುಣಸಿ ಗಿಡ ಅಂದಿದ್ದೆ. ಈ ಮನ್ಯಾಗ ಅದನ್ನ ಯಾರೂ ಕೇಳಲಿಲ್ಲ ನೋಡು." ತಮ್ಮ ಮೊಣಕೈ ಕಡೆಯ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಕೊಂಡರು.

ಅದರ ಮುಂದಿನ ಹಾಳೆ ಖಾಲಿ ಇತ್ತು. ಅತ್ತೆ ಅದನ್ನು ತಿರುವಿ ನನ್ನ ಕಡೆ ನೋಡಿದರು.

"ನಿಂದೂ ಹಾಕ್ಕೋ. ಮೂಡಣಕ್ಕ ಬಿಟ್ಟಿದ್ದಳು ಅಂದಿಯಲ್ಲ. ಹಾಳಿಗೇನ ನೋವು ಆಕ್ಕೈತೇನು?"

ಪೆನ್ನು ಕೈಯಲ್ಲೇ ಇತ್ತು. ಬರೆಯಲು ಎಷ್ಟು ಹೊತ್ತು, ಕಾಲು ತಾಸು. ಆದರೆ ಆ ಸೊಟ್ಟ ಸಾಲು ನನ್ನ ಕೈಗೆ ಬರುವುದಿಲ್ಲ. ನಾನು ಬರೆದರೆ ಅದು ನೇರವಾಗಿ, ಏಳೇಳು ಚುಕ್ಕಿ ತೂಕ ಮಾಡಿದಂತೆ ಬರುತ್ತದೆ. ಈ ಪುಸ್ತಕದಲ್ಲಿ ಇರುವುದು ಚರ್ಮದ ಮೇಲೆ ಇದ್ದದ್ದು ಮಾತ್ರ. ನನ್ನ ಕೈ ನಾನೇ ಹಿಂದಕ್ಕೆ ಎಳೆದುಕೊಂಡದ್ದು. ಇಲ್ಲದ ಚುಕ್ಕಿ ತುಂಬುವ ಕೆಲಸವನ್ನು ಒಮ್ಮೆ ಮಾಡಿ ನೋಡಿದ್ದೇನೆ.

"ಇರಲಿ ಬಿಡ್ರಿ ಅತ್ತಿ," ಎಂದು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ.

ರಾತ್ರಿಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ, ಮಧ್ಯಾಹ್ನ ಹುರಿದ ಶೇಂಗಾ ಖಾರ ಹಾಕಿ ಕುಟ್ಟಿದ ಹಿಂಡಿ, ಮೊಸರು. ಮನೆಯವರು ಮೂರು ರೊಟ್ಟಿ ಉಂಡರು, ನಾನು ಒಂದು. ಅತ್ತೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಂಡು, ತೇರದಾಳದ ಹುಣಸೆಯ ಚಿಗುರು ಹಾಕಿ ಬೇಳೆ ಮಾಡಿದರೆ ಹೇಗಿರುತ್ತಿತ್ತು ಎಂದು ಹೇಳುತ್ತ ಹೇಳುತ್ತ ಎಲ್ಲರಿಗಿಂತ ಮೊದಲು ಮಲಗಿದರು. ಎಡಗೈ ಕೌದಿಯ ಹೊರಗೆ ಉಳಿದಿತ್ತು. ನಾನು ಅದನ್ನು ಒಳಗೆ ಸೇರಿಸಲಿಲ್ಲ.